ಪಾಠ ತೂಗುವ ಡೊಂಕು ತಕ್ಕಡಿ

ಸೆಮಿಸ್ಟರ್ ಮುಗಿಯಲು ಇನ್ನೆರಡು ವಾರವಿದೆ ಎನ್ನುವಾಗ ನಮ್ಮ ಮಕ್ಕಳ ಮೊಬೈಲಿಗೆ ಕಾಲೇಜಿನಿಂದ ಒಂದು ಕೊಂಡಿ ಬರುತ್ತದೆ. ಅದನ್ನು ಒತ್ತಿದರೆ ಆರು ವಿಷಯಗಳ ಆರು ಅಧ್ಯಾಪಕರ ಹೆಸರುಗಳು. ಪ್ರತಿ ಹೆಸರಿನ ಮುಂದೆ ಹತ್ತೋ ಹದಿನೈದೋ ಪ್ರಶ್ನೆಗಳು. ಪ್ರತಿ ಪ್ರಶ್ನೆಗೆ ಒಂದರಿಂದ ಐದರವರೆಗೆ ಅಂಕ. ಇದನ್ನು ತುಂಬದಿದ್ದರೆ ಹಾಲ್ ಟಿಕೆಟ್ ತೆರೆಯುವುದಿಲ್ಲವೆಂಬ ಕಟ್ಟಳೆಯೂ ಹಲವು ಕಡೆ ಉಂಟು. ಊಟದ ತಟ್ಟೆಯ ಮುಂದೆ ಕುಳಿತು, ಎಡಗೈಯಲ್ಲಿ ಫೋನು ಹಿಡಿದು, ನಾಲ್ಕು ನಿಮಿಷದಲ್ಲಿ ಆ ಕೆಲಸ ಮುಗಿಸುವ ಮಕ್ಕಳನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಆ ನಾಲ್ಕು ನಿಮಿಷದ ಬೆರಳಾಟವು ಇನ್ನೊಂದು ಮನೆಯನ್ನು ಏನಾಗಿ ತಲುಪುತ್ತದೆ ಎಂಬುದನ್ನು ಮಾತ್ರ ನಾವು ಅಷ್ಟಾಗಿ ಯೋಚಿಸಿದಂತಿಲ್ಲ.

ಆ ಇನ್ನೊಂದು ಮನೆಯೂ ಎಷ್ಟೋ ಸಲ ನಮ್ಮದೇ ಆಗಿರುತ್ತದೆ. ಮುಂಬಯಿ, ಪುಣೆ, ಹೈದರಾಬಾದ್, ಚೆನ್ನೈ, ದೆಹಲಿಗಳಲ್ಲಿ ನೆಲೆಸಿದ ನಮ್ಮ ಕುಟುಂಬಗಳ ಹೆಣ್ಣುಮಕ್ಕಳಲ್ಲಿ, ಸೊಸೆಯಂದಿರಲ್ಲಿ ಕಾಲೇಜು ಅಧ್ಯಾಪನವನ್ನು ಆರಿಸಿಕೊಂಡವರು ಕಡಿಮೆಯಿಲ್ಲ. ಅವರಲ್ಲಿ ಅನೇಕರು ವರ್ಷವರ್ಷವೂ ನವೀಕರಣವಾಗಬೇಕಾದ ಗುತ್ತಿಗೆಯ ಮೇಲೆ ದುಡಿಯುವವರು. ಒಂದೇ ಮನೆಯಲ್ಲಿ ಮಗ ಅಂಕ ಕೊಡುತ್ತಾನೆ, ಅತ್ತಿಗೆ ಅಂಕ ಪಡೆಯುತ್ತಾಳೆ. ಹೀಗೆ ತಕ್ಕಡಿಯ ಎರಡೂ ತಟ್ಟೆಗಳಲ್ಲಿ ನಾವೇ ಇರುವಾಗ ಅದರ ದಂಡಿಗೆ ನೇರವಿದೆಯೋ ಡೊಂಕಿದೆಯೋ ಎಂದು ಕೇಳುವ ಹಕ್ಕೂ ಹೊಣೆಯೂ ನಮಗಿವೆ.

ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳ ಮಾತನ್ನು ಕೇಳಲೇಬೇಕು. ಆದರೆ ಆ ಮಾತನ್ನು ಒಂದು ಸರಾಸರಿ ಸಂಖ್ಯೆಗೆ ಇಳಿಸಿ, ಆ ಸಂಖ್ಯೆಯ ಆಧಾರದ ಮೇಲೆ ಒಬ್ಬರ ಕೆಲಸವನ್ನೂ ಬಡ್ತಿಯನ್ನೂ ನಿರ್ಣಯಿಸುವುದು ಅನ್ಯಾಯ. ಆ ಸಂಖ್ಯೆ ಬೋಧನೆಯ ಗುಣವನ್ನು ಅಳೆಯುವುದಿಲ್ಲ. ಅದು ಅಳೆಯುವ ಬೇರೆ ಸಂಗತಿಗಳ ಭಾರವೆಲ್ಲ ಮಹಿಳೆಯರ ಮೇಲೆ, ಹೊರಗಿನವರ ಮೇಲೆ, ಕಠಿಣವಾಗಿ ಕಲಿಸುವವರ ಮೇಲೆ ಬೀಳುತ್ತದೆ.

ಈ ಸಂಖ್ಯೆಗೆ ನಮ್ಮ ದೇಶದಲ್ಲಿ ಅಧಿಕೃತ ತೂಕ ಬಂದದ್ದು ಇತ್ತೀಚೆಗೆ. 1994ರಲ್ಲಿ ಸ್ಥಾಪಿತವಾಗಿ ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಹೊಂದಿರುವ ನ್ಯಾಕ್ ಸಂಸ್ಥೆಯು 2017ರಲ್ಲಿ ತನ್ನ ಮಾನ್ಯತಾ ಚೌಕಟ್ಟನ್ನು ಪರಿಷ್ಕರಿಸಿದಾಗ ವಿದ್ಯಾರ್ಥಿ ಸಂತೃಪ್ತಿ ಸಮೀಕ್ಷೆಯನ್ನು ಸೇರಿಸಿ, ಒಟ್ಟು 1000 ಅಂಕಗಳಲ್ಲಿ 50ನ್ನು ಅದಕ್ಕೆ ಮೀಸಲಿಟ್ಟಿತು. ಅಲ್ಲಿ ಪರೀಕ್ಷೆಗೊಳಗಾಗುವುದು ಸಂಸ್ಥೆ, ವ್ಯಕ್ತಿಯಲ್ಲ. ತಾಂತ್ರಿಕ ಶಿಕ್ಷಣ ಮಂಡಳಿಯಾದ ಎಐಸಿಟಿಇ ಇನ್ನೊಂದು ಹೆಜ್ಜೆ ಮುಂದೆ ಹೋಯಿತು: 2019ರ ತನ್ನ ನಿಯಮಾವಳಿಯಲ್ಲಿ ಅಧ್ಯಾಪಕರ ‘360 ಡಿಗ್ರಿ ಫೀಡ್‌ಬ್ಯಾಕ್’ ಪದ್ಧತಿಯನ್ನು ತಂದು, 100ರಲ್ಲಿ 25 ಅಂಕಗಳನ್ನು ವಿದ್ಯಾರ್ಥಿಗಳ ಅಭಿಪ್ರಾಯಕ್ಕೆ ಕೊಟ್ಟಿತು. ಇನ್ನು ಖಾಸಗಿ ಕಾಲೇಜುಗಳ ಆಡಳಿತಕ್ಕೆ ಕೈಗೆಟಕುವ ಸಂಖ್ಯೆಯೊಂದು ಸಿಕ್ಕ ಮೇಲೆ ಬೇರೆ ಹುಡುಕಾಟ ಏಕೆ? ಎಕ್ಸೆಲ್ ಹಾಳೆಯಲ್ಲಿ ಮೇಲಿನಿಂದ ಕೆಳಕ್ಕೆ ಜೋಡಿಸಿದರೆ ಯಾರ ಗುತ್ತಿಗೆಯನ್ನು ಮುಂದುವರಿಸಬೇಕೆಂಬ ಪ್ರಶ್ನೆಗೆ ಉತ್ತರ ತಾನೇ ಇಳಿದು ಬರುತ್ತದೆ.

ಈ ಪದ್ಧತಿ ಹುಟ್ಟಿದ್ದಕ್ಕೆ ಸಕಾರಣವಿತ್ತೆಂಬುದನ್ನು ಮರೆಯಬಾರದು. ಇಪ್ಪತ್ತು ವರ್ಷದ ಹಳೆಯ ಟಿಪ್ಪಣಿಯನ್ನು ಪುಟ ತಿರುವಿ ಓದಿ ಹೇಳಿ ಹೊರಟುಹೋಗುವವರು, ತಿಂಗಳಿಗೆ ಮೂರು ತರಗತಿ ತೆಗೆದುಕೊಂಡು ಹಾಜರಿ ಪುಸ್ತಕದಲ್ಲಿ ಹನ್ನೆರಡನ್ನು ಬರೆಯುವವರು, ಪ್ರಶ್ನೆ ಕೇಳಿದ ಹುಡುಗಿಯನ್ನು ಎಲ್ಲರೆದುರು ಹೀಯಾಳಿಸುವವರು ನಮ್ಮ ಕಾಲೇಜುಗಳಲ್ಲಿ ಇಲ್ಲವೇ? ಅಂಥವರ ವಿರುದ್ಧ ವಿದ್ಯಾರ್ಥಿಗಳ ಕೈಯಲ್ಲಿ ಒಂದು ನಮೂನೆಯಾದರೂ ಇರಲಿ ಎಂದು ಬಯಸಿದ್ದು ಸರಿಯಾಗಿತ್ತು. ಗುರುವನ್ನು ಪ್ರಶ್ನಿಸಬಾರದೆಂಬ ಹಳೆಯ ಭಯಕ್ಕೆ ಮರಳಬೇಕೆಂದು ಈ ಲೇಖನ ವಾದಿಸುತ್ತಿಲ್ಲ. ನಮೂನೆಯಲ್ಲಿ ಕೇಳುವ ಪ್ರಶ್ನೆಗಳೂ ಅವುಗಳಿಗೆ ಬಂದ ಉತ್ತರದ ಉಪಯೋಗವೂ ನನ್ನ ತಕರಾರಿನ ವಸ್ತು.

ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಮ್ಯಾಕ್‌ನೆಲ್, ಡ್ರಿಸ್ಕಾಲ್ ಮತ್ತು ಹಂಟ್ ಎಂಬ ಮೂವರು ಸಂಶೋಧಕರು ಆನ್‌ಲೈನಿನಲ್ಲಿ ನಡೆಯುತ್ತಿದ್ದ ಒಂದು ಪಾಠಕ್ರಮವನ್ನು ಆರಿಸಿಕೊಂಡರು. ಅದರಲ್ಲಿ ಒಬ್ಬ ಪುರುಷ, ಒಬ್ಬ ಮಹಿಳೆ ಸಹಾಯಕ ಬೋಧಕರು. ಇಬ್ಬರಿಗೂ ಎರಡೆರಡು ವಿದ್ಯಾರ್ಥಿ ಗುಂಪುಗಳು. ವಿದ್ಯಾರ್ಥಿಗಳು ಬೋಧಕರ ಮುಖವನ್ನು ಕಂಡವರಲ್ಲ, ದನಿಯನ್ನು ಕೇಳಿದವರಲ್ಲ, ಎಲ್ಲವೂ ಬರವಣಿಗೆಯಲ್ಲಿ. ಸಂಶೋಧಕರು ಮಾಡಿದ್ದು ಇಷ್ಟೇ: ಪ್ರತಿಯೊಬ್ಬ ಬೋಧಕರೂ ಒಂದು ಗುಂಪಿಗೆ ತಮ್ಮ ನಿಜ ಹೆಸರಿನಲ್ಲಿ, ಇನ್ನೊಂದು ಗುಂಪಿಗೆ ಮತ್ತೊಬ್ಬರ ಹೆಸರಿನಲ್ಲಿ ಪಾಠ ಹೇಳುವಂತೆ ಏರ್ಪಡಿಸಿದರು. ಉತ್ತರಪತ್ರಿಕೆಗಳನ್ನು ತಿದ್ದಿ ಹಿಂದಿರುಗಿಸುವ ಸಮಯವನ್ನೂ ಇಬ್ಬರೂ ಹೊಂದಿಸಿಕೊಂಡು ಒಂದೇ ಹೊತ್ತಿಗೆ ಕಳುಹಿಸಿದರು.

ಅವಧಿಯ ಕೊನೆಯಲ್ಲಿ ಅಂಕಗಳು ಬಂದವು. ಬೋಧಕರು ನಿಜದಲ್ಲಿ ಗಂಡೋ ಹೆಣ್ಣೋ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸವೇನೂ ಆಗಲಿಲ್ಲ. ಯಾರೆಂದು ವಿದ್ಯಾರ್ಥಿಗಳು ನಂಬಿದ್ದರೋ ಅದರಿಂದ ಆಯಿತು. ಪುರುಷನ ಹೆಸರು ಹೊತ್ತವರಿಗೆ ಹೆಚ್ಚು, ಮಹಿಳೆಯ ಹೆಸರು ಹೊತ್ತವರಿಗೆ ಕಡಿಮೆ. ಇದರಲ್ಲಿ ನನ್ನನ್ನು ಬಹಳ ಹೊತ್ತು ತಡೆದು ನಿಲ್ಲಿಸಿದ್ದು ಸಮಯಪಾಲನೆಯ ಪ್ರಶ್ನೆ. ಕೆಲಸವನ್ನು ಸಕಾಲಕ್ಕೆ ತಿದ್ದಿ ಕೊಟ್ಟರೇ ಎಂದು ಕೇಳಿದ್ದಕ್ಕೆ ‘ಪುರುಷ’ ಬೋಧಕರಿಗೆ ಐದರಲ್ಲಿ 4.35, ‘ಮಹಿಳಾ’ ಬೋಧಕರಿಗೆ 3.55. ಪತ್ರಿಕೆಗಳು ಮರಳಿ ಬಂದದ್ದು ಒಂದೇ ಹೊತ್ತಿಗೆ ಎಂಬುದನ್ನು ಮತ್ತೆ ನೆನೆಯಿರಿ. ಸ್ವಭಾವ, ಉತ್ಸಾಹ, ಸ್ನೇಹಪರತೆಗಳಂಥ ಪ್ರಶ್ನೆಗಳಲ್ಲಿ ಅಭಿರುಚಿಭೇದವೆಂದು ತಳ್ಳಿಹಾಕಬಹುದಿತ್ತು. ಗಡಿಯಾರ ನೋಡಿ ಹೇಳಬಹುದಾದ ಸಂಗತಿಯಲ್ಲಿಯೂ ಹೆಣ್ಣಿನ ಹೆಸರೊಂದು ಮುಕ್ಕಾಲು ಅಂಕಕ್ಕೂ ಹೆಚ್ಚನ್ನು ಕಳೆದುಕೊಂಡಿತು. ಯಾವುದಾದರೂ ಕಾಲೇಜು 4ರ ಗೆರೆ ಎಳೆದು, ಅದರ ಕೆಳಗಿನವರಿಗೆ ನೋಟಿಸು ಎಂದಿದ್ದರೆ, ಒಂದೇ ಕೆಲಸವನ್ನು ಒಂದೇ ದಿನ ಮಾಡಿದ ಇಬ್ಬರಲ್ಲಿ ಒಬ್ಬರು ಗೆರೆಯ ಮೇಲೆ, ಇನ್ನೊಬ್ಬರು ಕೆಳಗೆ.

ಆ ಪ್ರಯೋಗ ಚಿಕ್ಕದು; ನಾಲ್ಕು ಗುಂಪುಗಳಲ್ಲಿ ಸೇರಿ 43 ವಿದ್ಯಾರ್ಥಿಗಳು ಮಾತ್ರ. ಆದರೆ ಮುಂದಿನ ವರ್ಷವೇ ಆನ್ ಬೋರಿಂಗ್, ಕೆಲ್ಲೀ ಒಟ್ಟೊಬೋನಿ, ಫಿಲಿಪ್ ಸ್ಟಾರ್ಕ್ ಇವರು ಈ ಅಂಕಿಗಳ ಜೊತೆಗೆ ಫ್ರಾನ್ಸಿನ ವಿಶ್ವವಿದ್ಯಾಲಯವೊಂದರ ಐದು ವರ್ಷಗಳ 23,001 ನಮೂನೆಗಳನ್ನೂ ಪರಿಶೀಲಿಸಿ, ಅಲ್ಲಿಯೂ ಇದೇ ಓರೆಯನ್ನು ಕಂಡರು. ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸುಮಾರು 20,000 ನಮೂನೆಗಳ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಅಲ್ಲಿ ವಿದ್ಯಾರ್ಥಿಗಳು ಯಾವ ಬೋಧಕರ ಗುಂಪಿಗೆ ಸೇರಬೇಕೆಂಬುದು ಚೀಟಿ ಎತ್ತಿದಂತೆ ನಿರ್ಧಾರವಾಗುತ್ತಿತ್ತು. ಮಹಿಳೆಯರ ಬಳಿ ಕಲಿತವರಿಗೆ ಪರೀಕ್ಷೆಯಲ್ಲಿ ಕಡಿಮೆ ಅಂಕವೇನೂ ಬರಲಿಲ್ಲ. ಆದರೂ ಮಹಿಳೆಯರಿಗೆ ಕಡಿಮೆ ಫೀಡ್‌ಬ್ಯಾಕ್ ಬಂತು. ಹುಡುಗರಿಂದ ಹೆಚ್ಚು ಕಡಿತ; ಹುಡುಗಿಯರೂ ಪೂರ್ತಿ ಮುಕ್ತರಲ್ಲ. ಗಣಿತಪ್ರಧಾನ ವಿಷಯಗಳಲ್ಲಿ, ಹೊಸದಾಗಿ ವೃತ್ತಿಗೆ ಬಂದ ತರುಣಿಯರಿಗೆ ಪೆಟ್ಟು ಇನ್ನೂ ಜೋರು. ನಗಬೇಕೋ ಅಳಬೇಕೋ ತಿಳಿಯದ ಸಂಗತಿಯೆಂದರೆ, ಎಲ್ಲ ಗುಂಪುಗಳಿಗೂ ಒಂದೇ ಆಗಿದ್ದ ಪಠ್ಯಪುಸ್ತಕಕ್ಕೆ ಕೂಡ ಮಹಿಳೆಯ ಗುಂಪಿನಲ್ಲಿ ಕಡಿಮೆ ಅಂಕ ಬಿದ್ದಿತ್ತು!

ಇವರೆಲ್ಲ ದುಷ್ಟ ವಿದ್ಯಾರ್ಥಿಗಳಲ್ಲ. ಅವರಲ್ಲಿ ಬಹುಪಾಲು ಜನರಿಗೆ ತಾವು ಭೇದ ಮಾಡುತ್ತಿದ್ದೇವೆಂಬ ಅರಿವೂ ಇರಲಾರದು. ಮನೆಯಲ್ಲಿ ಅಜ್ಜಿ, ಅಮ್ಮ, ಅಕ್ಕಂದಿರಿಂದ ಸಿಗುವ ತಾಳ್ಮೆಯನ್ನೇ ತರಗತಿಯ ಮಹಿಳೆಯಿಂದಲೂ ನಿರೀಕ್ಷಿಸುತ್ತಾರೆ. ಸಿಕ್ಕಾಗ ಅದು ಸಹಜವೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ, ಸಿಗದಿದ್ದಾಗ ಕೊರತೆಯೆಂದು ಬರೆಯುತ್ತಾರೆ. ಗಡುವು ಮೀರಿದ ಅಸೈನ್‌ಮೆಂಟನ್ನು ತಿರಸ್ಕರಿಸಿದ ಪುರುಷ ‘ಶಿಸ್ತಿನ ಮನುಷ್ಯ’. ಅದನ್ನೇ ಮಾಡಿದ ಮಹಿಳೆ ‘ಗರ್ವಿ’. ಪುಣೆಯ ಇಂಜಿನಿಯರಿಂಗ್ ಕಾಲೇಜೊಂದರಲ್ಲಿ ಕಲಿಸುವ, ನಮ್ಮ ಸಮಾಜದ ತರುಣಿಯೊಬ್ಬಳು ತನಗೆ ಬಂದ ಅನಾಮಿಕ ಟಿಪ್ಪಣಿಗಳನ್ನು ನನಗೆ ಓದಿ ಹೇಳಿದ್ದಳು. ಸಿಗ್ನಲ್ ಪ್ರೊಸೆಸಿಂಗ್ ಎಂಬ ವಿಷಯದ ಕುರಿತು ಅವುಗಳಲ್ಲಿ ಒಂದೇ ಒಂದು ವಾಕ್ಯವಿತ್ತು. ಉಳಿದವು ಅವಳ ನಗುವಿನ ಕೊರತೆ, ಸೀರೆ ಉಡದೆ ಬರುವುದು, ದನಿ ತೆಳುವಾಗಿರುವುದು ಇವುಗಳ ಕುರಿತು. ಮುಖ್ಯಸ್ಥರು ಕರೆದು, ‘ಸ್ವಲ್ಪ ಸಾಫ್ಟ್ ಆಗಿರಿ’ ಎಂದರಂತೆ. ಪಕ್ಕದ ಕೋಣೆಯ ಪುರುಷ ಸಹೋದ್ಯೋಗಿಗೆ ಆ ಸಲಹೆಯನ್ನು ಯಾರೂ ಕೊಟ್ಟಂತಿಲ್ಲ.

ಹೊರನಾಡಿನಲ್ಲಿರುವ ನಮಗೆ ಸಂಬಂಧಿಸಿದ ಇನ್ನೊಂದು ಓರೆಯಿದೆ; ಅದು ಉಚ್ಚಾರಣೆಯದು. ಜಾರ್ಜಿಯಾ ವಿಶ್ವವಿದ್ಯಾಲಯದ ಡೊನಾಲ್ಡ್ ರೂಬಿನ್ 1992ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಉಪನ್ಯಾಸದ ಧ್ವನಿಮುದ್ರಣವನ್ನು ಕೇಳಿಸಲಾಯಿತು. ದನಿ ಅಪ್ಪಟ ಅಮೆರಿಕನ್ನಳದು. ಕೆಲವರ ಎದುರು ಬಿಳಿಯ ಮಹಿಳೆಯ ಚಿತ್ರ, ಕೆಲವರ ಎದುರು ಏಷ್ಯಾದ ಮಹಿಳೆಯ ಚಿತ್ರ. ಎರಡನೆಯವರಿಗೆ ಆ ದನಿಯಲ್ಲಿ ಇಲ್ಲದ ವಿದೇಶಿ ಉಚ್ಚಾರ ಕೇಳಿಸಿತು. ಅಷ್ಟೇ ಆಗಿದ್ದರೆ ಕೆಟ್ಟ ಅಭಿಪ್ರಾಯವೆಂದು ಬಿಡಬಹುದಿತ್ತು. ಕೇಳಿದ ಪಾಠದಲ್ಲಿ ಅವರಿಗೆ ಅರ್ಥವಾದದ್ದೂ ಕಡಿಮೆ. ಕಣ್ಣಿಗೆ ಕಂಡದ್ದು ಕಿವಿಯನ್ನು ಮುಚ್ಚಿತ್ತು.

ಈಗ ದೆಹಲಿಯ ತರಗತಿಯೊಂದನ್ನು ಊಹಿಸಿ. ‘ಎಕ್ಸಾಮ್’ ಎನ್ನುವಲ್ಲಿ ‘ಯೆಕ್ಸಾಮ್’ ಎಂದು ನಮ್ಮ ನಾಲಿಗೆ ಹೊರಳುತ್ತದೆ. ಹಿಂದಿಯಲ್ಲಿ ಬಸ್ಸು ಗಂಡೋ ರೈಲು ಹೆಣ್ಣೋ ಎಂಬಲ್ಲಿ ಎಡವುತ್ತೇವೆ. ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು. ಆ ನಗುವಿಗೂ ಥರ್ಮೋಡೈನಮಿಕ್ಸಿಗೂ ಯಾವ ಸಂಬಂಧವೂ ಇಲ್ಲ. ಆದರೆ ಸೆಮಿಸ್ಟರಿನ ಕೊನೆಗೆ ‘ಸಂವಹನ ಸಾಮರ್ಥ್ಯ’ ಎಂಬ ಸಾಲಿನಲ್ಲಿ ಆ ನಗುವು 3 ಎಂಬ ಅಂಕಿಯಾಗಿ ಬಂದು ಕುಳಿತುಕೊಳ್ಳುತ್ತದೆ. ಇದನ್ನು ಕೇವಲ ನಮಗಾಗುವ ಅನ್ಯಾಯವೆಂದು ಅಂಗೈಯಲ್ಲಿ ಹಿಡಿದು ತೋರಿಸುತ್ತ ಕೂರುವುದೂ ಸಲ್ಲದು. ಅಡ್ಡಹೆಸರಿನಿಂದಲೇ ಜಾತಿ, ಪ್ರಾಂತ, ತಾಯ್ನುಡಿಗಳನ್ನು ಊಹಿಸುವ ದೇಶ ನಮ್ಮದು. ಅಮೆರಿಕದ ಪ್ರಯೋಗದಲ್ಲಿ ಹೆಸರು ಗಂಡು ಹೆಣ್ಣನ್ನು ಮಾತ್ರ ಹೇಳಿತು. ನಮ್ಮಲ್ಲಿ ಹೆಸರು ಇಡೀ ಕುಲಗೋತ್ರವನ್ನೇ ಹೇಳುತ್ತದೆ. ‘ಅವರು ಕೋಟಾದಲ್ಲಿ ಬಂದವರಂತೆ’ ಎಂಬ ಪಿಸುಮಾತು ದಲಿತ ಅಧ್ಯಾಪಕರ ಮೊದಲ ಪಾಠಕ್ಕಿಂತ ಮುಂಚೆ ತರಗತಿಯನ್ನು ಸೇರಿರುತ್ತದೆ. ಆ ಪಿಸುಮಾತು ನಮ್ಮ ಮನೆಗಳ ಊಟದ ಮೇಜಿನಿಂದ ಹೊರಟದ್ದೇ ಇಲ್ಲವೆಂದು ಎದೆ ಮುಟ್ಟಿ ಹೇಳಲು ನಮ್ಮಲ್ಲಿ ಎಷ್ಟು ಮಂದಿಗೆ ಸಾಧ್ಯ?

ಇಲ್ಲಿ ಒಂದು ಪ್ರತಿವಾದ ಏಳುತ್ತದೆ. ಪೂರ್ವಗ್ರಹ ಸ್ವಲ್ಪ ಇದ್ದೀತು, ಒಪ್ಪೋಣ. ಅದನ್ನು ಲೆಕ್ಕದಲ್ಲಿ ಕಳೆದು, ಉಳಿದದ್ದನ್ನು ಬೋಧನೆಯ ಗುಣವೆಂದು ಹಿಡಿಯಬಾರದೇಕೆ? ಮಹಿಳೆಯರಿಗೆ ಅರ್ಧ ಅಂಕ ಕೂಡಿಸಿಬಿಟ್ಟರಾಯಿತಲ್ಲ? ಓರೆಯ ಪ್ರಮಾಣವು ವಿಷಯದಿಂದ ವಿಷಯಕ್ಕೆ, ಪ್ರಶ್ನೆಯಿಂದ ಪ್ರಶ್ನೆಗೆ, ಗುಂಪಿನಿಂದ ಗುಂಪಿಗೆ ಬೇರೆಯಾಗುವುದರಿಂದ ಅಂಥ ಒಂದೇ ತಿದ್ದುಪಡಿ ಸಾಧ್ಯವಿಲ್ಲ ಎಂಬುದು ಮೊದಲ ಉತ್ತರ. ಎರಡನೆಯದು ಇನ್ನೂ ಗಂಭೀರವಾದದ್ದು: ಓರೆಯನ್ನೆಲ್ಲ ತೆಗೆದ ಮೇಲೂ ಉಳಿಯುವುದು ಕಲಿಕೆಯ ಅಳತೆಯಲ್ಲ.

ಅಮೆರಿಕದ ಕೊಲೊರಾಡೊ ಸ್ಪ್ರಿಂಗ್ಸಿನಲ್ಲಿರುವ ವಾಯುಪಡೆ ಅಕಾಡೆಮಿ ಇಂಥ ಪರೀಕ್ಷೆಗೆ ಹೇಳಿ ಮಾಡಿಸಿದಂಥ ಜಾಗ. ಅಲ್ಲಿ ಕೆಡೆಟ್‌ಗಳು ಅಧ್ಯಾಪಕರನ್ನು ಆರಿಸಿಕೊಳ್ಳುವಂತಿಲ್ಲ. ಪಠ್ಯಕ್ರಮ ಒಂದೇ, ಪ್ರಶ್ನೆಪತ್ರಿಕೆ ಒಂದೇ. ಮೊದಲ ಕಲನಶಾಸ್ತ್ರ ಮುಗಿಸಿದವರು ಮುಂದಿನ ಗಣಿತ, ವಿಜ್ಞಾನದ ಪಾಠಗಳನ್ನು ಕಡ್ಡಾಯವಾಗಿ ಓದಲೇಬೇಕು. ಸ್ಕಾಟ್ ಕ್ಯಾರೆಲ್ ಮತ್ತು ಜೇಮ್ಸ್ ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು ಹತ್ತು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳ ದಾಖಲೆ ಹಿಡಿದು 2010ರಲ್ಲಿ ಕೇಳಿದ ಪ್ರಶ್ನೆ ಇದು: ಮೊದಲ ಅಧ್ಯಾಪಕರ ಪ್ರಭಾವವು ಆ ಪಾಠದ ಪರೀಕ್ಷೆಯಲ್ಲಿ ಹೇಗೆ ಕಾಣುತ್ತದೆ, ಮುಂದಿನ ಪಾಠಗಳಲ್ಲಿ ಹೇಗೆ ಕಾಣುತ್ತದೆ? ಕಡಿಮೆ ಅನುಭವದ ಅಧ್ಯಾಪಕರ ವಿದ್ಯಾರ್ಥಿಗಳು ಆಗಿನ ಪರೀಕ್ಷೆಯಲ್ಲಿ ಚೆನ್ನಾಗಿ ಮಾಡಿದರು, ತಮ್ಮ ಅಧ್ಯಾಪಕರಿಗೆ ಒಳ್ಳೆಯ ಫೀಡ್‌ಬ್ಯಾಕ್ ಕೊಟ್ಟರು. ಮುಂದಿನ ಪಾಠಗಳಲ್ಲಿ ಹಿಂದೆ ಬಿದ್ದರು. ಅನುಭವಸ್ಥರ ವಿದ್ಯಾರ್ಥಿಗಳು ಆಗ ತಿಣುಕಿದರು, ಕಡಿಮೆ ಅಂಕ ಕೊಟ್ಟರು, ಮುಂದೆ ಗೆದ್ದರು. ಇಟಲಿಯ ಮಿಲಾನ್ ನಗರದ ಬೊಕ್ಕೋನಿ ವಿಶ್ವವಿದ್ಯಾಲಯದ ಅಧ್ಯಯನವೂ 2014ರಲ್ಲಿ ಇಂಥದೇ ತೀರ್ಮಾನಕ್ಕೆ ಬಂತು: ಮುಂದಿನ ಪಾಠಗಳಿಗೆ ವಿದ್ಯಾರ್ಥಿಗಳನ್ನು ಚೆನ್ನಾಗಿ ಸಿದ್ಧಗೊಳಿಸಿದವರಿಗೇ ಕಡಿಮೆ ಫೀಡ್‌ಬ್ಯಾಕ್. ಜೊತೆಗೆ ಅಲ್ಲಿ ಇನ್ನೊಂದೂ ಕಂಡಿತು. ಹವೆ ಹಿತವಾಗಿದ್ದ ದಿನ ನಮೂನೆ ತುಂಬಿದವರು ಹೆಚ್ಚು ಅಂಕ ಕೊಟ್ಟಿದ್ದರು. ಮುಂಬಯಿಯ ಜುಲೈ ತಿಂಗಳಲ್ಲಿ ನೆನೆದ ಬೂಟುಗಳೊಡನೆ ಕುಳಿತ ತರಗತಿ ತನ್ನ ಅಧ್ಯಾಪಕಿಗೆ ಏನು ಕೊಟ್ಟೀತೆಂದು ಊಹಿಸಬಹುದು.

ಇದು ವಿಚಿತ್ರವೇನಲ್ಲ. ಕಲಿಯುವುದೆಂದರೆ ತಿಣುಕುವುದು. ತಿಣುಕುತ್ತಿರುವವನಿಗೆ ತಾನು ಕಲಿಯುತ್ತಿದ್ದೇನೆಂದು ಆ ಕ್ಷಣದಲ್ಲಿ ಅನ್ನಿಸುವುದಿಲ್ಲ. ತನಗೆ ಕಲಿಸಲು ಬಾರದವರು ಸಿಕ್ಕಿದ್ದಾರೆಂದು ಅನ್ನಿಸುತ್ತದೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ‘ಇಂಪಾರ್ಟೆಂಟ್ ಪ್ರಶ್ನೆಗಳ’ ಪಟ್ಟಿ ಕೊಟ್ಟು, ಉತ್ತರಗಳನ್ನು ಬರೆಸಿ, ಆಂತರಿಕ ಅಂಕಗಳನ್ನು ಧಾರಾಳವಾಗಿ ಸುರಿಯುವವರು ವಿದ್ಯಾರ್ಥಿಗಳ ಕಣ್ಮಣಿಗಳು. ಹಲಗೆಯ ಬಳಿ ಕರೆದು ಲೆಕ್ಕ ಬಿಡಿಸಲು ಹೇಳುವವರು ಕಂಟಕರು. ಗುತ್ತಿಗೆಯ ನವೀಕರಣ ಫೀಡ್‌ಬ್ಯಾಕಿನ ಮೇಲೆ ನಿಂತಿದೆಯೆಂದು ಗೊತ್ತಿರುವ ಅಧ್ಯಾಪಕಿ ಯಾವ ದಾರಿ ಹಿಡಿಯಬೇಕು? ಮನೆಯ ಕಂತು ಕಟ್ಟಬೇಕಾದವಳು ಹಲಗೆಯ ಬಳಿ ಯಾರನ್ನೂ ಕರೆಯುವುದಿಲ್ಲ. ಹೀಗೆ ಈ ಸಂಖ್ಯೆ ಬೋಧನೆಯನ್ನು ಸರಿಯಾಗಿ ಅಳೆಯದಿರುವುದು ಮಾತ್ರವಲ್ಲ, ಮೆಲ್ಲಮೆಲ್ಲನೆ ಬೋಧನೆಯನ್ನು ತನಗೆ ಬೇಕಾದ ಆಕಾರಕ್ಕೆ ಬಗ್ಗಿಸಿಕೊಳ್ಳುತ್ತದೆ. ಇದರಲ್ಲಿ ನಷ್ಟ ಅಧ್ಯಾಪಕಿಗಿಂತ ಹೆಚ್ಚಾಗಿ ನಮ್ಮ ಮಕ್ಕಳದು.

ಸರಾಸರಿಯ ಗಣಿತವೂ ಸಾಲದು. ನೂರು ಮಂದಿಯೂ 3 ಎಂದರೆ ಸರಾಸರಿ 3. ಐವತ್ತು ಮಂದಿ 5, ಐವತ್ತು ಮಂದಿ 1 ಎಂದರೂ ಸರಾಸರಿ 3. ಮೊದಲನೆಯವರು ಯಾರಿಗೂ ನೆನಪುಳಿಯದ ಅಧ್ಯಾಪಕರು. ಎರಡನೆಯವರ ತರಗತಿಯಲ್ಲಿ ಏನೋ ನಡೆಯುತ್ತಿದೆ, ಅದೇನೆಂದು ಹೋಗಿ ನೋಡಬೇಕು. ಎಕ್ಸೆಲ್ ಹಾಳೆಗೆ ಇಬ್ಬರೂ ಒಂದೇ. ಅರವತ್ತು ಜನರಲ್ಲಿ ಹದಿನೆಂಟು ಜನ ಉತ್ತರಿಸಿದ ನಮೂನೆಯಿಂದ 4.12, 4.07 ಎಂದು ಎರಡು ದಶಮಾಂಶಗಳವರೆಗೆ ಲೆಕ್ಕ ಹಾಕಿ ಶ್ರೇಯಾಂಕ ಪ್ರಕಟಿಸುವ ಕಾಲೇಜುಗಳು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಕೇಸರಿ ತೂಗುತ್ತಿವೆ. ಮಾನೋನ್ಮಾನಗಳಲ್ಲಿ ಹೆಚ್ಚುಕಡಿಮೆ ಮಾಡುವುದನ್ನು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಿರುವ ಪರಂಪರೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಕೆನಡಾದ ಟೊರಾಂಟೊದಲ್ಲಿ ಈ ಪ್ರಶ್ನೆ ಅಧ್ಯಾಪಕರ ಸಂಘ ಮತ್ತು ರಯರ್‌ಸನ್ ವಿಶ್ವವಿದ್ಯಾಲಯದ ನಡುವೆ ವರ್ಷಗಟ್ಟಲೆ ನಡೆದು, ಕೊನೆಗೆ ಮಧ್ಯಸ್ಥಿಕೆದಾರ ವಿಲಿಯಂ ಕಪ್ಲನ್ ಅವರ ಮುಂದೆ ಬಂತು. 2018ರಲ್ಲಿ ಅವರು ಕೊಟ್ಟ ತೀರ್ಪು ಸ್ಪಷ್ಟವಾಗಿತ್ತು: ಖಾಯಮಾತಿಗೂ ಬಡ್ತಿಗೂ ಬೋಧನೆಯ ಪರಿಣಾಮಕಾರಿತ್ವವನ್ನು ಅಳೆಯಲು ಈ ಸಂಖ್ಯೆಗಳನ್ನು ಬಳಸಕೂಡದು. ಅದೇ ತೀರ್ಪು ವಿದ್ಯಾರ್ಥಿಗಳ ಅನುಭವವನ್ನು ತಿಳಿಯಲು ನಮೂನೆಗಳಿಗೆ ಬೆಲೆಯಿದೆಯೆಂದೂ ಒಪ್ಪಿತು. ಈ ವಿಂಗಡಣೆ ನನಗೆ ಬಹಳ ಸರಿಯೆನಿಸುತ್ತದೆ. ವಿದ್ಯಾರ್ಥಿ ಸಾಕ್ಷಿಯಾಗಬಲ್ಲ, ನ್ಯಾಯಾಧೀಶನಾಗಲಾರ. ತರಗತಿಗಳು ನಡೆದವೇ, ಎಷ್ಟು ರದ್ದಾದವು, ತಿದ್ದಿದ ಉತ್ತರಪತ್ರಿಕೆ ಎಷ್ಟು ದಿನಕ್ಕೆ ಕೈಸೇರಿತು, ಪ್ರಶ್ನೆ ಕೇಳಲು ಅವಕಾಶವಿತ್ತೇ, ಯಾರನ್ನಾದರೂ ಅವಮಾನಿಸಿದರೇ ಎಂಬುದಕ್ಕೆ ಅವನು ಸಾಕ್ಷಿ. (ಸಾಕ್ಷಿಯ ಮಾತನ್ನೂ ದಾಖಲೆಯೊಡನೆ ತಾಳೆ ನೋಡಬೇಕೆಂದು ಆ 4.35 ಮತ್ತು 3.55ರ ಕಥೆ ಕಲಿಸುತ್ತದೆ.) ಅಧ್ಯಾಪಕಿಗೆ ವಿಷಯಜ್ಞಾನವಿದೆಯೇ ಎಂಬ ಪ್ರಶ್ನೆಯನ್ನು ಆ ವಿಷಯವನ್ನು ಈಗಷ್ಟೇ ಕಲಿಯುತ್ತಿರುವ ಹತ್ತೊಂಬತ್ತು ವರ್ಷದವನಿಗೆ ಕೇಳುವುದರಲ್ಲಿ ಅರ್ಥವೇನಿದೆ?

ಪೂರ್ವಗ್ರಹವನ್ನು ತಗ್ಗಿಸುವ ಅಗ್ಗದ ಉಪಾಯಗಳೂ ಇವೆ. ಅಯೋವಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ನಮೂನೆಯ ತಲೆಬರಹದಲ್ಲಿ ಕೆಲವೇ ವಾಕ್ಯಗಳನ್ನು ಸೇರಿಸಲಾಯಿತು: ಇಂಥ ಅಂಕಗಳ ಮೇಲೆ ಬೋಧಕರ ಲಿಂಗ, ಜನಾಂಗಗಳ ಕುರಿತ ಅರಿವಿಲ್ಲದ ಪೂರ್ವಗ್ರಹಗಳ ಪ್ರಭಾವವಿರುತ್ತದೆ, ದಯವಿಟ್ಟು ಪಾಠದ ಬಗ್ಗೆ ಮಾತ್ರ ಯೋಚಿಸಿ ಎಂಬ ಅರ್ಥದವು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಆ ವಾಕ್ಯಗಳನ್ನು ಓದಿದವರು ಮಹಿಳೆಯರಿಗೆ ಗಮನಾರ್ಹವಾಗಿ ಹೆಚ್ಚು ಅಂಕ ಕೊಟ್ಟರು. ಪುರುಷರ ಅಂಕ ಬದಲಾಗಲಿಲ್ಲ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಹತ್ತರ ಮಾಪನದ ಬದಲು ಆರರ ಮಾಪನ ಬಳಸಿದಾಗ ಪುರುಷಪ್ರಧಾನ ವಿಷಯಗಳಲ್ಲಿ ಗಂಡು ಹೆಣ್ಣಿನ ಅಂತರ ಬಹುಮಟ್ಟಿಗೆ ಅಳಿಸಿಹೋಯಿತು. ಹತ್ತಕ್ಕೆ ಹತ್ತು ಎಂದರೆ ‘ಮೇಧಾವಿ’ ಎಂದು ಮನಸ್ಸಿನಲ್ಲಿ ಮೂಡುವ ಚಿತ್ರ ಗಂಡಸಿನದು. ಆರಕ್ಕೆ ಆರು ಎಂದಾಗ ಅಂಥ ಚಿತ್ರವೇನೂ ಮೂಡುವುದಿಲ್ಲ. ಈ ಉಪಾಯಗಳು ರೋಗವನ್ನು ವಾಸಿ ಮಾಡುತ್ತವೆಂದು ನಾನು ನಂಬಿಲ್ಲ. ಆದರೆ ನಾಲ್ಕು ವಾಕ್ಯ ಸೇರಿಸಲು ಯಾವ ಆಡಳಿತ ಮಂಡಳಿಗೂ ಬಜೆಟ್ ಮಂಜೂರಾತಿ ಬೇಕಿಲ್ಲ.

ಆಡಳಿತ ಮಂಡಳಿ ಎಂದೆ, ಅಲ್ಲಿಯೂ ನಮ್ಮವರಿದ್ದಾರೆ. ಜೈನ ಸಮಾಜದ ಟ್ರಸ್ಟುಗಳು ಕರ್ನಾಟಕದಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಕಾಲೇಜುಗಳನ್ನು ನಡೆಸುತ್ತಿವೆ. ಈ ಅಂಕಣದ ಓದುಗರಲ್ಲಿಯೂ ಅಂಥ ಟ್ರಸ್ಟಿಗಳಿರಬಹುದು. ಅವರನ್ನು ನೇರವಾಗಿ ಕೇಳುತ್ತೇನೆ. ಕಳೆದ ಮೂರು ವರ್ಷಗಳಲ್ಲಿ ನಿಮ್ಮ ಕಾಲೇಜಿನಲ್ಲಿ ಗುತ್ತಿಗೆ ಮುಂದುವರಿಯದ ಅಧ್ಯಾಪಕರಲ್ಲಿ ಮಹಿಳೆಯರೆಷ್ಟು, ಅವರ ಕಡತದಲ್ಲಿ ಫೀಡ್‌ಬ್ಯಾಕ್ ಸರಾಸರಿಯ ಹೊರತು ಬೇರೆ ಕಾಗದ ಏನಿದೆ? ಹಿರಿಯ ಅಧ್ಯಾಪಕರೊಬ್ಬರು ಅವರ ತರಗತಿಯ ಕೊನೆಯ ಬೆಂಚಿನಲ್ಲಿ ಒಂದು ಗಂಟೆ ಕುಳಿತು ಬರೆದ ವರದಿ ಇದೆಯೇ? ಅವರು ತಯಾರಿಸಿದ ಪ್ರಶ್ನೆಪತ್ರಿಕೆ, ತಿದ್ದಿದ ಉತ್ತರಪತ್ರಿಕೆಗಳ ಮಾದರಿಯನ್ನು ಯಾರಾದರೂ ನೋಡಿದ್ದಾರೆಯೇ? ಅವರ ವಿದ್ಯಾರ್ಥಿಗಳು ಮುಂದಿನ ಸೆಮಿಸ್ಟರಿನ ಸಂಬಂಧಿತ ವಿಷಯದಲ್ಲಿ ಹೇಗೆ ಮಾಡಿದರೆಂದು ಪರೀಕ್ಷಾ ವಿಭಾಗದಿಂದ ಒಂದು ಹಾಳೆ ತರಿಸಿದ್ದೀರಾ? ಇದಕ್ಕೆ ಸಮಯ ಹಿಡಿಯುತ್ತದೆ, ನಿಜ. ಒಬ್ಬರ ಜೀವನೋಪಾಯವನ್ನು ಕಿತ್ತುಕೊಳ್ಳುವ ತೀರ್ಮಾನಕ್ಕೆ ಅಷ್ಟು ಸಮಯವನ್ನಾದರೂ ಕೊಡಬೇಡವೇ?

ನವೀಕರಣ ನಿರಾಕರಿಸುವ ಮೊದಲು ಅಧ್ಯಾಪಕಿಗೆ ತನ್ನ ನಮೂನೆಗಳನ್ನು ನೋಡುವ, ಅವುಗಳಿಗೆ ಲಿಖಿತ ಉತ್ತರ ಕೊಡುವ ಹಕ್ಕಿರಬೇಕು. ರೂಪ, ಉಡುಪು, ಉಚ್ಚಾರ, ಜಾತಿಗಳನ್ನು ಕುರಿತ ಟಿಪ್ಪಣಿಗಳನ್ನು ಅವಳ ಕಡತಕ್ಕೆ ಸೇರಿಸಕೂಡದು. ಗೋಪ್ಯತೆಯೂ ನಿಜವಾದ ಗೋಪ್ಯತೆಯಾಗಿರಬೇಕು: ಹದಿನೈದು ಜನರ ಸ್ನಾತಕೋತ್ತರ ತರಗತಿಯಲ್ಲಿ, ಲಾಗಿನ್ ಸಂಖ್ಯೆ ಕೊಟ್ಟು ತುಂಬುವ ನಮೂನೆ ಗೋಪ್ಯವೆಂದು ವಿದ್ಯಾರ್ಥಿಗಳೇ ನಂಬುವುದಿಲ್ಲ; ಆಂತರಿಕ ಅಂಕ ಕೊಡುವ ಪ್ರಭಾವಿ ಪ್ರಾಧ್ಯಾಪಕರಿಗೆ ಹೆದರಿ 5 ಒತ್ತಿ, ಯಾರ ಬೆಂಬಲವೂ ಇಲ್ಲದ ಕಿರಿಯ ಅಧ್ಯಾಪಕಿಯ ಮೇಲೆ ಆ ಸಿಟ್ಟನ್ನೆಲ್ಲ ತೀರಿಸಿಕೊಳ್ಳುತ್ತಾರೆ. ನಿಜಕ್ಕೂ ದೂರಿಗೆ ಅರ್ಹರಾದವರು ಹೀಗೆ ಪಾರಾಗುತ್ತಾರೆ.

ಕೊನೆಯದಾಗಿ ಮನೆಯ ಮಾತು. ಈ ಸೆಮಿಸ್ಟರಿನ ಕೊಂಡಿ ಬಂದಾಗ ಊಟದ ತಟ್ಟೆಯನ್ನು ಪಕ್ಕಕ್ಕಿಟ್ಟು ಮಗನ ಅಥವಾ ಮಗಳ ಜೊತೆ ಹತ್ತು ನಿಮಿಷ ಕುಳಿತುಕೊಳ್ಳಿ. ಯಾರಿಗೆ ಎಷ್ಟು ಕೊಡಬೇಕೆಂದು ಹೇಳಬೇಡಿ. 2 ಒತ್ತಿದ ಕಡೆ ಯಾವ ದಿನ, ಯಾವ ಪಾಠದಲ್ಲಿ, ಏನು ನಡೆಯಿತೆಂದು ಕೇಳಿ. ಉತ್ತರವಿದ್ದರೆ ಅದನ್ನು ಟಿಪ್ಪಣಿಯ ಜಾಗದಲ್ಲಿ ನಾಲ್ಕು ವಾಕ್ಯಗಳಲ್ಲಿ ಬರೆಯಲಿ. ಅಧ್ಯಾಪಕಿಗೆ ಪ್ರಯೋಜನವಾಗುವುದು ಆ ನಾಲ್ಕು ವಾಕ್ಯಗಳಿಂದಲೇ. ಉತ್ತರವಿಲ್ಲದಿದ್ದರೆ, ಅದೇ ಪಾಠವನ್ನು ಅದೇ ರೀತಿ ಬೇರೊಂದು ಹೆಸರಿನವರು ಹೇಳಿದ್ದರೆ ಎಷ್ಟು ಕೊಡುತ್ತಿದ್ದೆ ಎಂದು ಕೇಳಿ ನೋಡಿ.